ಕುರ್ಚಿ ಸಿಕ್ಕ ಮೇಲೆ

ಪಶ್ಚಿಮ ಬಂಗಾಳದ ಬೀರಭೂಮ್ ಜಿಲ್ಲೆಯ ಹಳ್ಳಿಗಳಲ್ಲಿ ಸಂಶೋಧಕರ ತಂಡವೊಂದು ಜನರಿಗೆ ಧ್ವನಿಮುದ್ರಿತ ಭಾಷಣ ಕೇಳಿಸಿತು. ಊರಿನ ಸಭೆಯಲ್ಲಿ ಎದ್ದ ದೂರಿಗೆ ಪಂಚಾಯಿತಿಯ ಪ್ರಧಾನರು ಉತ್ತರ ಕೊಡುವ ಭಾಷಣ ಅದು. ಕೆಲವರ ಕಿವಿಗೆ ಬಿದ್ದದ್ದು ಗಂಡಸಿನ ಧ್ವನಿ, ಇನ್ನು ಕೆಲವರಿಗೆ ಹೆಂಗಸಿನ ಧ್ವನಿ. ಹೇಳಿದ ಮಾತು ಎರಡರಲ್ಲೂ ಒಂದೇ, ಅಕ್ಷರವೂ ಆಚೀಚೆ ಇಲ್ಲ. ಕೇಳಿ ಮುಗಿದ ಮೇಲೆ, ಈ ಪ್ರಧಾನರು ಎಷ್ಟು ಸಮರ್ಥರು ಎಂದು ಅಂಕ ಹಾಕಲು ಹೇಳಿದರು. ಎಂದೂ ಮಹಿಳಾ ಪ್ರಧಾನರನ್ನು ಕಾಣದ ಊರುಗಳ ಗಂಡಸರು ಹೆಂಗಸಿನ ಧ್ವನಿಗೆ ಕಡಿಮೆ ಅಂಕ ಕೊಟ್ಟರು. ಮೀಸಲಾತಿಯಿಂದಾಗಿ ಮಹಿಳೆಯೊಬ್ಬರು ಈಗಾಗಲೇ ಆ ಹುದ್ದೆಯಲ್ಲಿ ಕುಳಿತಿದ್ದ ಊರುಗಳಲ್ಲಿ ಆ ವ್ಯತ್ಯಾಸ ಹೆಚ್ಚುಕಡಿಮೆ ಅಳಿಸಿಹೋಗಿತ್ತು.

ಲೊರಿ ಬೀಮನ್, ರಾಘಬೇಂದ್ರ ಚಟ್ಟೋಪಾಧ್ಯಾಯ, ಎಸ್ತರ್ ಡ್ಯುಫ್ಲೊ, ರೋಹಿಣಿ ಪಾಂಡೆ ಮತ್ತು ಪೆಟಿಯಾ ಟೊಪಲೋವಾ ಸೇರಿ 2009ರಲ್ಲಿ ಪ್ರಕಟಿಸಿದ ಅಧ್ಯಯನ ಇದು. ಅದರಲ್ಲೇ ಇನ್ನೊಂದು ಸಂಗತಿಯೂ ಇದೆ, ಅದನ್ನು ಓದುಗರು ಬೇಗ ಮರೆಯುತ್ತಾರೆ. ‘ನಿಮಗೆ ನಾಯಕರು ಗಂಡಸಾಗಿರಬೇಕೋ ಹೆಂಗಸಾಗಿರಬೇಕೋ’ ಎಂದು ನೇರವಾಗಿ ಕೇಳಿದರೆ, ಮಹಿಳಾ ಪ್ರಧಾನರನ್ನು ಕಂಡ ಊರಿನ ಗಂಡಸರೂ ಗಂಡಸೇ ಇರಲಿ ಎನ್ನುತ್ತಿದ್ದರು. ಅವರ ಇಷ್ಟ ಬದಲಾಗಿರಲಿಲ್ಲ, ಅಂದಾಜು ಬದಲಾಗಿತ್ತು. ಹೆಂಗಸು ಆಡಳಿತ ನಡೆಸಬಲ್ಲಳು ಎಂಬುದನ್ನು ಒಪ್ಪಿಕೊಂಡೂ ಅವಳು ಬೇಡ ಎನ್ನಬಹುದು ಎಂದಾಯಿತು. ಪ್ರಾತಿನಿಧ್ಯದ ಬಗ್ಗೆ ನಮ್ಮಲ್ಲಿ ನಡೆಯುವ ಚರ್ಚೆಗಳು ಈ ಎರಡನ್ನು ಒಂದೇ ಗಂಟಿನಲ್ಲಿ ಕಟ್ಟಿಬಿಡುತ್ತವೆ. ಲೋಕಸಭೆ ಮತ್ತು ವಿಧಾನಸಭೆಗಳಲ್ಲಿ ಮಹಿಳೆಯರಿಗೆ ಮೂರನೇ ಒಂದು ಪಾಲು ಕೊಡುವ ತಿದ್ದುಪಡಿ ಸಂವಿಧಾನಕ್ಕೆ ಸೇರಿರುವಾಗ, ಮೂರು ದಶಕಗಳಿಂದ ನಮ್ಮ ಪಂಚಾಯಿತಿಗಳ ಮೇಲೆ ನಡೆದಿರುವ ಸಂಶೋಧನೆಯನ್ನು ತಾಳ್ಮೆಯಿಂದ ಓದಲೇಬೇಕು. ಕುರ್ಚಿ ಸಿಕ್ಕ ಕೂಡಲೇ ಏನಾಗುತ್ತದೆ, ಏನಾಗುವುದಿಲ್ಲ, ಯಾವುದಕ್ಕೆ ಎಷ್ಟು ಕಾಲ ಹಿಡಿಯುತ್ತದೆ ಎಂಬುದಕ್ಕೆ ಜಗತ್ತಿನಲ್ಲಿ ಇದಕ್ಕಿಂತ ದೊಡ್ಡ ಸಾಕ್ಷ್ಯರಾಶಿ ಇದ್ದಂತಿಲ್ಲ.

ಭಾರತದ ಪಂಚಾಯಿತಿಗಳತ್ತ ಹೊರದೇಶಗಳ ವಿಶ್ವವಿದ್ಯಾಲಯಗಳೂ ತಿರುಗಿ ನೋಡಲು ಕಾರಣವಿದೆ. ಸಾಮಾನ್ಯವಾಗಿ ಒಂದು ಊರು ಮಹಿಳೆಯನ್ನು ಆರಿಸಿದರೆ ಆ ಊರೇ ಬೇರೆ ರೀತಿಯದಾಗಿರಬಹುದು. ಅಲ್ಲಿ ಅಕ್ಷರಸ್ಥರು ಹೆಚ್ಚಿರಬಹುದು, ಹೆಣ್ಣುಮಕ್ಕಳ ಸಂಘಗಳು ಗಟ್ಟಿಯಿರಬಹುದು. ಅಲ್ಲಿ ನಲ್ಲಿಗಳು ಜಾಸ್ತಿ ಇದ್ದರೆ ಅದಕ್ಕೆ ಮಹಿಳೆಯ ಆಡಳಿತ ಕಾರಣವೋ, ಊರಿನ ಗುಣ ಕಾರಣವೋ ಹೇಳುವುದು ಕಷ್ಟ. ಆದರೆ ಸಂವಿಧಾನದ 73ನೇ ತಿದ್ದುಪಡಿ 1993ರಲ್ಲಿ ಜಾರಿಗೆ ಬಂದ ಮೇಲೆ ಅಧ್ಯಕ್ಷ ಸ್ಥಾನಗಳ ಮೀಸಲಾತಿ ಸರದಿಯಂತೆ ತಿರುಗತೊಡಗಿತು. ಬಂಗಾಳದಲ್ಲಿ ಪಂಚಾಯಿತಿಗಳನ್ನು ಕ್ರಮಸಂಖ್ಯೆಯಂತೆ ಪಟ್ಟಿ ಮಾಡಿ ಮೂರರಲ್ಲಿ ಒಂದನ್ನು ಮಹಿಳೆಗೆ ಕೊಡುತ್ತಿದ್ದರು. ಊರಿನ ಗುಣಕ್ಕೂ ಆ ಪಟ್ಟಿಯಲ್ಲಿ ಅದರ ಹೆಸರು ಎಲ್ಲಿ ಬಿತ್ತು ಎಂಬುದಕ್ಕೂ ಸಂಬಂಧವಿಲ್ಲ. ಹಾಗಾಗಿ ಮೀಸಲಾದ ಊರನ್ನೂ ಆಗದ ಊರನ್ನೂ ಪಕ್ಕದಲ್ಲಿಟ್ಟು ನೋಡಿದರೆ ಕಾಣುವ ವ್ಯತ್ಯಾಸ ಆ ಕುರ್ಚಿಯದ್ದೇ.

ಚಟ್ಟೋಪಾಧ್ಯಾಯ ಮತ್ತು ಡ್ಯುಫ್ಲೊ 2004ರಲ್ಲಿ ಹೀಗೆ ಬೀರಭೂಮ್ ಮತ್ತು ರಾಜಸ್ಥಾನದ ಉದಯಪುರದ 265 ಪಂಚಾಯಿತಿಗಳನ್ನು ಹೋಲಿಸಿದರು. ಮೊದಲು ಅವರು ನೋಡಿದ್ದು ಗಂಡಸರು ಯಾವುದಕ್ಕೆ ಅರ್ಜಿ ಕೊಡುತ್ತಾರೆ, ಹೆಂಗಸರು ಯಾವುದಕ್ಕೆ ಕೊಡುತ್ತಾರೆ ಎಂಬುದನ್ನು. ಎರಡೂ ಕಡೆ ಹೆಂಗಸರ ಮೊದಲ ದೂರು ಕುಡಿಯುವ ನೀರಿನದು. ಮೀಸಲಾದ ಪಂಚಾಯಿತಿಗಳಲ್ಲಿ ಎರಡೂ ಕಡೆ ನೀರಿಗೆ ಹೆಚ್ಚು ಹಣ ಹೋಗಿತ್ತು. ರಸ್ತೆಯ ಲೆಕ್ಕ ಮಾತ್ರ ತಿರುಗಿ ನಿಂತಿತು. ಬೀರಭೂಮ್‌ನಲ್ಲಿ ಮಹಿಳಾ ಪ್ರಧಾನರು ರಸ್ತೆಗೆ ಹೆಚ್ಚು ಖರ್ಚು ಮಾಡಿದರೆ, ಉದಯಪುರದಲ್ಲಿ ಕಡಿಮೆ ಮಾಡಿದರು. ಬೀರಭೂಮ್‌ನ ಹೆಂಗಸರು ರಸ್ತೆ ಕಾಮಗಾರಿಗೆ ಕೂಲಿಗೆ ಹೋಗುತ್ತಿದ್ದರು, ಅವರಿಗೆ ರಸ್ತೆ ಎಂದರೆ ಅನ್ನ. ಉದಯಪುರದಲ್ಲಿ ಕೆಲಸ ಹುಡುಕಿಕೊಂಡು ಊರಾಚೆ ಹೋಗುತ್ತಿದ್ದವರು ಗಂಡಸರು, ರಸ್ತೆ ಬೇಕಿದ್ದದ್ದು ಅವರಿಗೆ. ಈ ಅಧ್ಯಯನದಲ್ಲಿ ನನಗೆ ಅತ್ಯಂತ ಮುಖ್ಯ ಎನಿಸುವುದು ಈ ಸಣ್ಣ ವಿವರವೇ. ಎಲ್ಲ ಹೆಂಗಸರಿಗೂ ಸಲ್ಲುವ ಒಂದೇ ಬೇಡಿಕೆಪಟ್ಟಿ ಎಂಬುದಿಲ್ಲ. ಅವರವರ ಊರಿನಲ್ಲಿ ಯಾರ ದುಡಿಮೆ ಯಾವುದರ ಮೇಲೆ ನಿಂತಿದೆಯೋ ಅದನ್ನು ಅವರು ಸಭೆಗೆ ತರುತ್ತಾರೆ.

ಕರ್ನಾಟಕದವರಿಗೆ ನೀರು ಮತ್ತು ಪಂಚಾಯಿತಿಯ ನಂಟನ್ನು ವಿವರಿಸಬೇಕಾಗಿಲ್ಲ. ಕೇಂದ್ರದ ತಿದ್ದುಪಡಿಗೆ ವರ್ಷಗಳ ಮೊದಲೇ, ರಾಮಕೃಷ್ಣ ಹೆಗಡೆ ಸರ್ಕಾರದಲ್ಲಿ ಗ್ರಾಮೀಣಾಭಿವೃದ್ಧಿ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್ ಅವರು ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯಿತಿಗಳ ಕಾಯ್ದೆ ತಂದಿದ್ದರು. ಹಳ್ಳಿಹಳ್ಳಿಗೆ ಕೊಳವೆಬಾವಿ ಕೊರೆಸಿ ‘ನೀರ್ ಸಾಬ್’ ಎಂದೇ ಹೆಸರಾದವರು ಅವರು. 1983ರ ಆ ಕಾಯ್ದೆ ಮಹಿಳೆಯರಿಗೆ ಶೇ 25ರಷ್ಟು ಸ್ಥಾನ ಮೀಸಲಿಟ್ಟಿತು. 1987ರ ಚುನಾವಣೆಯಲ್ಲಿ ಸಾವಿರಾರು ಹೆಣ್ಣುಮಕ್ಕಳು ಮಂಡಲ ಪಂಚಾಯಿತಿಗೆ ಕಾಲಿಟ್ಟರು. 2010ರಲ್ಲಿ ಆ ಪಾಲು ಶೇ 50ಕ್ಕೆ ಏರಿತು. ಸುಮಾರು 6,000 ಗ್ರಾಮ ಪಂಚಾಯಿತಿಗಳ ಈ ರಾಜ್ಯದಲ್ಲಿ ಇವತ್ತು ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಸದಸ್ಯರು ಮಹಿಳೆಯರು.

ಸಂಖ್ಯೆ ಬಂದ ಮೇಲೆ ಶಕ್ತಿ ಬಂತೇ ಎಂಬುದು ರಾಜ್ಯಶಾಸ್ತ್ರದ ಹಳೆಯ ಪ್ರಶ್ನೆ. 1967ರಲ್ಲಿ ಹನ್ನಾ ಪಿಟ್ಕಿನ್ ಪ್ರಾತಿನಿಧ್ಯದ ಪರಿಕಲ್ಪನೆಯ ಮೇಲೆ ಬರೆದ ಪುಸ್ತಕ ಈ ಕ್ಷೇತ್ರದ ತಳಹದಿ. ಜನರಂತೆಯೇ ಇರುವುದು ಬೇರೆ, ಜನರ ಪರವಾಗಿ ಕೆಲಸ ಮಾಡುವುದು ಬೇರೆ ಎಂದು ಅವರು ಬಿಡಿಸಿಟ್ಟರು. ಪಿಟ್ಕಿನ್‌ಗೆ ಎರಡನೆಯದೇ ಮುಖ್ಯ. ಸಭೆಯಲ್ಲಿ ಕುಳಿತವರ ಚಹರೆ ನೋಡುತ್ತ ಕೂತರೆ ಅವರು ಮಾಡುತ್ತಿರುವುದೇನು ಎಂಬುದು ಮರೆತುಹೋದೀತು ಎಂಬ ಆತಂಕ ಅವರದು. 1999ರಲ್ಲಿ ಜೇನ್ ಮ್ಯಾನ್ಸ್‌ಬ್ರಿಡ್ಜ್ ಇದಕ್ಕೆ ಒಂದು ತಿದ್ದುಪಡಿ ಸೂಚಿಸಿದರು. ಯಾವ ಗುಂಪಿಗೂ ಆಳುವವರಿಗೂ ನಡುವೆ ತಲೆಮಾರುಗಳ ಅಪನಂಬಿಕೆ ಇದೆಯೋ, ಯಾವ ಗುಂಪಿನ ಸಂಕಟಕ್ಕೆ ಇನ್ನೂ ರಾಜಕೀಯದಲ್ಲಿ ಮಾತೇ ಹುಟ್ಟಿಲ್ಲವೋ, ಅಲ್ಲಿ ಆ ಗುಂಪಿನವರೇ ಒಳಗಿರಬೇಕಾಗುತ್ತದೆ ಎಂದರು.

ಇದೇ ವಾದವನ್ನು ಅದಕ್ಕೆ ಎಂಬತ್ತು ವರ್ಷ ಮೊದಲು ನಮ್ಮವರೊಬ್ಬರು ಬ್ರಿಟಿಷ್ ಸಮಿತಿಯ ಮುಂದೆ ಮಂಡಿಸಿದ್ದರು. 1919ರಲ್ಲಿ ಮತದಾನದ ಹಕ್ಕಿನ ವಿಚಾರಣೆಗೆ ಬಂದಿದ್ದ ಸೌತ್‌ಬರೊ ಸಮಿತಿಗೆ ಸಾಕ್ಷ್ಯ ಕೊಟ್ಟ ಭೀಮರಾವ್ ಅಂಬೇಡ್ಕರ್ ಅವರಿಗೆ ಆಗ 27 ವರ್ಷ. ಅಭಿಪ್ರಾಯಗಳಿಗೆ ಪ್ರಾತಿನಿಧ್ಯ ಸಿಕ್ಕರೆ ಸಾಲದು, ವ್ಯಕ್ತಿಗಳೂ ಸಭೆಯೊಳಗೆ ಇರಬೇಕು ಎಂಬುದು ಅವರ ವಾದದ ತಿರುಳು. ಅಸ್ಪೃಶ್ಯರ ಅನುಭವವನ್ನು ಅಸ್ಪೃಶ್ಯರಲ್ಲದೆ ಬೇರೆ ಯಾರು ತಂದು ಸಭೆಯಲ್ಲಿ ಇಟ್ಟಾರು ಎಂಬ ಪ್ರಶ್ನೆಗೆ ಸಮಿತಿಯ ಬಳಿ ಉತ್ತರವಿರಲಿಲ್ಲ. ಮೈಸೂರಿನಲ್ಲಿ 1881ರಲ್ಲೇ ದಿವಾನ್ ರಂಗಾಚಾರ್ಲು ಪ್ರಜಾಪ್ರತಿನಿಧಿ ಸಭೆ ಸೇರಿಸಿದ್ದರು, ಅದು ನಮ್ಮ ಹೆಮ್ಮೆಯೂ ಹೌದು. ಆದರೆ ಅಲ್ಲಿ ಕುಳಿತ 144 ಮಂದಿ ಮುಖ್ಯವಾಗಿ ಜಮೀನುದಾರರು ಮತ್ತು ವರ್ತಕರು. ಪ್ರಜೆಗಳ ಅಹವಾಲು ಅಲ್ಲಿಗೆ ತಲುಪುತ್ತಿದ್ದದ್ದು ಅವರ ಬಾಯಿಯಿಂದ ಮಾತ್ರ.

1932ರ ಪೂನಾ ಒಪ್ಪಂದ ಅಂಬೇಡ್ಕರ್ ಅವರ ವಾದದ ಅರ್ಧವನ್ನು ಮಾತ್ರ ಒಪ್ಪಿತು. ಮೀಸಲು ಸ್ಥಾನಗಳ ಸಂಖ್ಯೆ ಹೆಚ್ಚಾಯಿತು, ಪ್ರತ್ಯೇಕ ಮತದಾರಮಂಡಲ ಹೋಯಿತು. ಅಭ್ಯರ್ಥಿ ಪರಿಶಿಷ್ಟ ಜಾತಿಯವರು, ಮತ ಹಾಕುವವರು ಎಲ್ಲರೂ. ಇಂದಿಗೂ ನಮ್ಮ ವಿಧಾನಸಭೆಯ 224 ಕ್ಷೇತ್ರಗಳಲ್ಲಿ ಪರಿಶಿಷ್ಟ ಜಾತಿಗೆ ಮೀಸಲಾದ 36 ಮತ್ತು ಪರಿಶಿಷ್ಟ ಪಂಗಡಕ್ಕೆ ಮೀಸಲಾದ 15 ಕ್ಷೇತ್ರಗಳು ನಡೆಯುವುದು ಹಾಗೆಯೇ. ಪರಿಶಿಷ್ಟ ಜಾತಿಯ ಮೀಸಲು ಕ್ಷೇತ್ರಗಳಲ್ಲಿ ಆ ಸಮುದಾಯದ ಮತದಾರರು ಬಹುತೇಕ ಎಲ್ಲೆಡೆ ಅರ್ಧಕ್ಕಿಂತ ಕಡಿಮೆ. ಗೆಲ್ಲಬೇಕಾದರೆ ಉಳಿದವರ ಮತ ಬೇಕು, ಟಿಕೆಟ್ ಬೇಕಾದರೆ ಪಕ್ಷದ ಮುಖಂಡರ ಕೃಪೆ ಬೇಕು.

ನಾರ್ವೆಯ ರಾಜ್ಯಶಾಸ್ತ್ರಜ್ಞೆ ಫ್ರಾನ್ಸೆಸ್ಕಾ ಯೆನ್ಸೇನಿಯಸ್ 2017ರ ತಮ್ಮ ಪುಸ್ತಕದಲ್ಲಿ ಇದರ ಫಲವನ್ನು ಅಳೆದರು. 1970ರ ದಶಕದಲ್ಲಿ ಒಂದೇ ರೀತಿ ಇದ್ದ ಮೀಸಲು ಮತ್ತು ಸಾಮಾನ್ಯ ಕ್ಷೇತ್ರಗಳನ್ನು ಜೋಡಿ ಮಾಡಿ, ಮೂರು ದಶಕದ ನಂತರ ಸಾಕ್ಷರತೆ, ಉದ್ಯೋಗ, ಶಾಲೆ, ವಿದ್ಯುತ್ತು ಏನಾಗಿದೆ ಎಂದು ನೋಡಿದರು. ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಇದನ್ನು ಮೀಸಲಾತಿಯ ಸೋಲು ಎಂದು ಓದುವವರಿದ್ದಾರೆ, ನಾನು ಹಾಗೆ ಓದುವುದಿಲ್ಲ. ಮೀಸಲು ಕ್ಷೇತ್ರಗಳು ಹಿಂದೆ ಬೀಳುತ್ತವೆ, ಅಲ್ಲಿ ಅಸಮರ್ಥರು ಗೆಲ್ಲುತ್ತಾರೆ ಎಂದು ಕಟ್ಟೆಯ ಮೇಲೆ ಕೂತು ಹೇಳುವ ಮಾತು ಸುಳ್ಳು ಎಂದೂ ಅದೇ ಅಂಕಿಅಂಶ ಹೇಳುತ್ತದೆ. ಯೆನ್ಸೇನಿಯಸ್ ತೋರಿಸಿಕೊಟ್ಟದ್ದು ಇಷ್ಟು: ಎಲ್ಲರ ಮತದಿಂದ, ಪಕ್ಷದ ಟಿಕೆಟ್ಟಿನಿಂದ ಗೆದ್ದ ಶಾಸಕರು ಬೇರೆ ಶಾಸಕರಂತೆಯೇ ನಡೆದುಕೊಳ್ಳುತ್ತಾರೆ. ಪೂನಾದಲ್ಲಿ ಮಾಡಿಕೊಂಡ ಏರ್ಪಾಡು ಅದಕ್ಕೆ ತಕ್ಕ ಫಲವನ್ನೇ ಕೊಟ್ಟಿದೆ. ರಾಜ್ಯಗಳ ಒಟ್ಟು ನೀತಿಯ ಮಟ್ಟದಲ್ಲಿ ಚಿತ್ರ ಸ್ವಲ್ಪ ಬೇರೆ. ವಿಧಾನಸಭೆಯಲ್ಲಿ ಪರಿಶಿಷ್ಟರ ಮೀಸಲು ಸ್ಥಾನ ಹೆಚ್ಚಾದಾಗ ಅವರಿಗೆಂದೇ ಇರುವ ಯೋಜನೆ ಮತ್ತು ಉದ್ಯೋಗ ಮೀಸಲಿನ ಪಾಲೂ ಏರಿದ್ದನ್ನು ರೋಹಿಣಿ ಪಾಂಡೆ 2003ರಲ್ಲೇ ತೋರಿಸಿದ್ದರು.

ಅಂಕಿಅಂಶಕ್ಕೆ ಸುಲಭವಾಗಿ ಸಿಗದ ಇನ್ನೊಂದು ಫಲವೂ ಇದೆ. ಸೈಮನ್ ಶೊಶಾರ್ ರಾಜಸ್ಥಾನದ ಹಳ್ಳಿಗಳಲ್ಲಿ ಅದನ್ನು ಹುಡುಕಿದ ರೀತಿ ಚೆನ್ನಾಗಿದೆ. ಮೇಲ್ಜಾತಿಯವರ ಮನೆ ಜಗಲಿಯಲ್ಲಿ ಕೂತು ‘ದಲಿತರ ಬಗ್ಗೆ ಏನನಿಸುತ್ತದೆ’ ಎಂದು ಕೇಳಿದರೆ ನಿಜವಾದ ಉತ್ತರ ಬರುವುದಿಲ್ಲ. ಪಕ್ಕದಲ್ಲಿ ಅಣ್ಣ ಇರುತ್ತಾನೆ, ಬಾಗಿಲಲ್ಲಿ ನೆರೆಯವರು ನಿಂತಿರುತ್ತಾರೆ, ಎದುರಿಗೆ ಪ್ಯಾಂಟು ಹಾಕಿದ ಅಪರಿಚಿತ. ಆದ್ದರಿಂದ ಪ್ರಶ್ನೆಗಳನ್ನು ಮೊದಲೇ ಧ್ವನಿಮುದ್ರಿಸಿ, ಸಣ್ಣ ಪ್ಲೇಯರ್ ಮತ್ತು ಹೆಡ್‌ಫೋನ್ ಕೊಟ್ಟರು. ಪ್ರಶ್ನೆ ಕೇಳಿಸುವುದು ಉತ್ತರಿಸುವವರಿಗೆ ಮಾತ್ರ, ಅವರ ಉತ್ತರವೂ ಯಾರ ಕಿವಿಗೂ ಬೀಳುವುದಿಲ್ಲ. ಸಿಕ್ಕ ಉತ್ತರ ಕಹಿಯಾಗಿತ್ತು. ದಲಿತ ಸರಪಂಚರನ್ನು ಕಂಡ ಊರುಗಳಲ್ಲೂ ಮನಸ್ಸಿನೊಳಗಿನ ತಾತ್ಸಾರ ಕರಗಿರಲಿಲ್ಲ. ಆದರೆ ‘ಬಹಿರಂಗವಾಗಿ ಅವಮಾನಿಸಿದರೆ ಊರಿನ ಉಳಿದವರು ಒಪ್ಪುತ್ತಾರೆಯೇ, ಪೊಲೀಸರು ಕೇಳದೆ ಬಿಡುತ್ತಾರೆಯೇ’ ಎಂಬ ಪ್ರಶ್ನೆಗೆ ಉತ್ತರ ಬದಲಾಗಿತ್ತು. ಹಾಗೆ ಮಾಡಿದರೆ ದಕ್ಕುವುದಿಲ್ಲ ಎಂಬ ಅರಿವು ಬಂದಿತ್ತು. ಮನಸ್ಸು ಬದಲಾಗುವವರೆಗೆ ಕಾಯುವಷ್ಟು ಪುರುಸೊತ್ತು ಇಲ್ಲದವರಿಗೆ, ಚಹಾದಂಗಡಿಯಲ್ಲಿ ಬೇರೆ ಲೋಟ ಇಡಲು ಅಂಗಡಿಯವನು ಒಮ್ಮೆ ಹಿಂಜರಿದರೂ ಅದು ದೊಡ್ಡ ವಿಷಯ.

ಕರ್ನಾಟಕವನ್ನೂ ಒಳಗೊಂಡ ಸಂಶೋಧನೆಗಳಲ್ಲಿ ಎರಡು ಒಂದಕ್ಕೊಂದು ಎದುರಾಗುತ್ತವೆ. ಟಿಮ್ ಬೆಸ್ಲಿ, ರೋಹಿಣಿ ಪಾಂಡೆ, ವಿಜಯೇಂದ್ರ ರಾವ್ ಮತ್ತು ಸಂಗಡಿಗರು ದಕ್ಷಿಣದ ರಾಜ್ಯಗಳಲ್ಲಿ 2004ರ ಸುಮಾರಿಗೆ ಕಂಡದ್ದು: ಅಧ್ಯಕ್ಷ ಸ್ಥಾನ ಪರಿಶಿಷ್ಟರಿಗೆ ಮೀಸಲಾದಾಗ ಪರಿಶಿಷ್ಟರ ಕುಟುಂಬಗಳಿಗೆ ಮನೆ, ಶೌಚಾಲಯ, ನಲ್ಲಿ, ವಿದ್ಯುತ್ ಸಂಪರ್ಕಗಳಂಥ ಸವಲತ್ತು ಸಿಗುವ ಸಂಭವ ಹೆಚ್ಚುತ್ತದೆ. ಇಡೀ ಊರಿಗೆ ಸೇರಿದ ರಸ್ತೆ, ನೀರಿನ ವಿಚಾರದಲ್ಲಿ ಅಧ್ಯಕ್ಷರ ಜಾತಿಗಿಂತ ಅವರು ಪಂಚಾಯಿತಿಯ ಯಾವ ಹಳ್ಳಿಯವರು ಎಂಬುದೇ ಮುಖ್ಯವಾಗುತ್ತದೆ. ಅಧ್ಯಕ್ಷರ ಸ್ವಂತ ಊರಿಗೆ ಕೆಲಸ ಮೊದಲು ಬರುತ್ತದೆ ಎಂಬುದು ನಮ್ಮ ಹಳ್ಳಿಗಳಲ್ಲಿ ಎಲ್ಲರೂ ಬಲ್ಲ ಮಾತೇ.

2013ರಲ್ಲಿ ಥ್ಯಾಡ್ ಡನ್ನಿಂಗ್ ಮತ್ತು ಜಾಹ್ನವಿ ನಿಲೇಕಣಿ ಕರ್ನಾಟಕ, ರಾಜಸ್ಥಾನ, ಬಿಹಾರಗಳ ಪಂಚಾಯಿತಿಗಳನ್ನು ಮತ್ತೆ ಕೆದಕಿದರು. ನಮ್ಮಲ್ಲಿ ಯಾವ ಪಂಚಾಯಿತಿಗೆ ಮೀಸಲಾತಿ ಈ ಸಲ ಬರುತ್ತದೆ, ಯಾವುದಕ್ಕೆ ಮುಂದಿನ ಸಲ ಎಂಬುದು ತಾಲ್ಲೂಕಿನ ಪಟ್ಟಿಯಲ್ಲಿ ಅವುಗಳ ಸ್ಥಾನದಂತೆ ತೀರ್ಮಾನವಾಗುತ್ತದೆ. ಗೆರೆಯ ಈಚೆ ಬಿದ್ದ ಪಂಚಾಯಿತಿ, ಆಚೆ ಬಿದ್ದ ಪಂಚಾಯಿತಿ ಬಹುತೇಕ ಒಂದೇ ಥರ. ಅಂಥವನ್ನು ಹೋಲಿಸಿದಾಗ ಸವಲತ್ತಿನ ಹಂಚಿಕೆಯಲ್ಲಿ ಮೀಸಲಾತಿಯ ಗುರುತು ತೀರಾ ಮಸುಕಾಗಿತ್ತು. ಕಾರಣ ಎಲ್ಲಿದೆ ಎಂದು ಹುಡುಕಿದಾಗ ಸಿಕ್ಕದ್ದು ಪಕ್ಷ. ಗ್ರಾಮ ಪಂಚಾಯಿತಿ ಚುನಾವಣೆ ಕಾಗದದ ಮೇಲೆ ಪಕ್ಷರಹಿತ. ಆದರೆ ಯಾರು ಯಾವ ಪಕ್ಷದ ‘ಬೆಂಬಲಿತ’ ಎಂಬುದು ಊರಿನ ಸಣ್ಣ ಮಗುವಿಗೂ ಗೊತ್ತು, ಫಲಿತಾಂಶದ ಮರುದಿನ ಪತ್ರಿಕೆಗಳು ಬರೆಯುವುದೂ ಆ ಲೆಕ್ಕವನ್ನೇ. ಅಧ್ಯಕ್ಷರು ತಮ್ಮ ಜಾತಿಯವರಿಗೆ ಕೊಡುವುದಕ್ಕಿಂತ ತಮ್ಮ ಪಕ್ಷದವರಿಗೆ ಕೊಡುವುದು ಹೆಚ್ಚು, ಆ ಪಕ್ಷ ಜಾತಿಗಳನ್ನು ಅಡ್ಡಲಾಗಿ ಸೀಳಿಕೊಂಡು ಹೋಗಿರುತ್ತದೆ. ಮೀಸಲು ಅಧ್ಯಕ್ಷರ ಹಿಂದೆ ಅವರನ್ನು ಕೂರಿಸಿದ ಗುಂಪು ಇರುತ್ತದೆ, ಆ ಗುಂಪಿನ ಲೆಕ್ಕಾಚಾರವೇ ಫಲಾನುಭವಿಗಳ ಪಟ್ಟಿಯಾಗುತ್ತದೆ.

ಎರಡು ಅಧ್ಯಯನಗಳಲ್ಲಿ ಯಾವುದು ಸರಿ ಎಂದು ಒಂದನ್ನು ಬಿಸಾಡುವ ಅಗತ್ಯವಿಲ್ಲ. ಕಾಲ ಬೇರೆ, ವಿಧಾನ ಬೇರೆ, ಅಳೆದ ಸವಲತ್ತೂ ಬೇರೆ. ನನಗೆ ಎರಡೂ ಸೇರಿ ಹೇಳುವುದು ಒಂದೇ ಮಾತು. ಕುರ್ಚಿಯ ಸುತ್ತ ಇರುವ ಏರ್ಪಾಡು ಏನು ಎಂಬುದನ್ನು ಬಿಟ್ಟು ಕುರ್ಚಿಯಲ್ಲಿ ಯಾರಿದ್ದಾರೆ ಎಂದಷ್ಟೇ ಕೇಳಿದರೆ ಉತ್ತರ ಸಿಗದು.

ಆ ಏರ್ಪಾಡಿನಲ್ಲಿ ಎಲ್ಲರ ಕಣ್ಣಿಗೂ ಬೀಳುವುದು ಅಧ್ಯಕ್ಷೆಯ ಗಂಡ. ಪಂಚಾಯಿತಿಯಲ್ಲಿ ಹಣ ಪಾವತಿಯಾಗಬೇಕಾದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಮತ್ತು ಅಧ್ಯಕ್ಷರು ಇಬ್ಬರ ಡಿಜಿಟಲ್ ಸಹಿಯೂ ಬೇಕು. ಅಧ್ಯಕ್ಷೆಯ ಸಹಿಯ ಡೋಂಗಲ್ ಯಾರ ಜೇಬಿನಲ್ಲಿದೆ ಎಂದು ಕೇಳಿದರೆ ಎಷ್ಟೋ ಕಡೆ ಆಡಳಿತದ ಕತೆ ತಿಳಿದುಬಿಡುತ್ತದೆ. ಗಂಡನದೋ, ಮೈದುನನದೋ, ಕಂಟ್ರಾಕ್ಟರನದೋ. ಇದು ನಿಜ. ಆದರೆ ಈ ಚಿತ್ರವನ್ನೇ ಹಿಡಿದುಕೊಂಡು ಮಹಿಳಾ ಮೀಸಲಾತಿ ಬರೀ ನಾಟಕ ಎನ್ನುವವರು ಕಾಲವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ದಕ್ಷಿಣದ ನಾಲ್ಕು ರಾಜ್ಯಗಳ ಪಂಚಾಯಿತಿಗಳನ್ನು ನೋಡಿದ ರಾಡು ಬಾನ್ ಮತ್ತು ವಿಜಯೇಂದ್ರ ರಾವ್ 2008ರಲ್ಲಿ ಬರೆದದ್ದು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಮಹಿಳಾ ಅಧ್ಯಕ್ಷರ ಆಡಳಿತ ಗಂಡಸರದ್ದಕ್ಕಿಂತ ಕಳಪೆಯಾಗಿರಲಿಲ್ಲ. ರಾಜಕೀಯ ಅನುಭವ ಇದ್ದ ಕಡೆ, ಮೇಲ್ಜಾತಿಗಳ ಹಿಡಿತ ಸಡಿಲವಾಗಿದ್ದ ಕಡೆ, ಪಂಚಾಯಿತಿ ವ್ಯವಸ್ಥೆ ಹಳೆಯದಾಗಿ ಬೇರುಬಿಟ್ಟ ರಾಜ್ಯದಲ್ಲಿ ಅವರು ಚೆನ್ನಾಗಿ ಕೆಲಸ ಮಾಡಿದ್ದರು. ಬಂಗಾಳದಲ್ಲಿ ಕಂಡಂತೆ ಹೆಂಗಸರ ಬೇಡಿಕೆಗೇ ಹೆಚ್ಚು ಒಲವು ಇಲ್ಲಿ ಕಾಣಲಿಲ್ಲ ಎಂಬುದನ್ನೂ ಅವರು ಮುಚ್ಚಿಡಲಿಲ್ಲ.

ಮಾಡಿದ ಕೆಲಸಕ್ಕೆ ಮನ್ನಣೆ ಸಿಗುವುದು ಇನ್ನೂ ತಡ. ಡ್ಯುಫ್ಲೊ ಮತ್ತು ಟೊಪಲೋವಾ 2004ರ ಇನ್ನೊಂದು ಬರಹದಲ್ಲಿ ತೋರಿಸಿದ ಸಂಗತಿ ಓದಿದಾಗ ಸಂಕಟವಾಗುತ್ತದೆ. ಮಹಿಳೆಯರು ಆಡಳಿತ ನಡೆಸಿದ ಊರುಗಳಲ್ಲಿ ಸೌಕರ್ಯ ಹೆಚ್ಚಿತ್ತು, ಅದರ ಗುಣಮಟ್ಟ ಕಡಿಮೆಯಿರಲಿಲ್ಲ, ಲಂಚ ಕೊಟ್ಟೆವು ಎನ್ನುವವರು ಕಡಿಮೆ ಇದ್ದರು. ಹಾಗಿದ್ದೂ ಜನರ ತೃಪ್ತಿ ಕಡಿಮೆ. ಮೊದಲ ಸಲ ಅಧಿಕಾರಕ್ಕೆ ಬಂದ ಮಹಿಳೆಗೆ ಸಿಗುವ ಈ ಕಡಿಮೆ ಅಂಕ, ಅದೇ ಊರಿಗೆ ಎರಡನೇ ಸಲ ಮಹಿಳೆ ಬಂದಾಗ ಸರಿಹೋಗುತ್ತಿತ್ತು. ಮೊದಲ ಹೆಣ್ಣುಮಗಳು ಅನುಭವಿಸಿದ ಅವಗಣನೆಯ ಲಾಭ ಎರಡನೆಯವಳಿಗೆ.

ಎರಡು ಅವಧಿ ಎಂಬುದನ್ನು ನೆನಪಿಡಬೇಕು. 2012ರಲ್ಲಿ ಅದೇ ಬೀರಭೂಮ್‌ನ 495 ಹಳ್ಳಿಗಳಲ್ಲಿ ತಂದೆತಾಯಿಗಳನ್ನೂ ಹದಿಹರೆಯದ ಮಕ್ಕಳನ್ನೂ ಮಾತನಾಡಿಸಿದ ಅಧ್ಯಯನವೊಂದು ಪ್ರಕಟವಾಯಿತು. ಮಗ ಎಷ್ಟು ಓದಬೇಕು, ಮಗಳು ಎಷ್ಟು ಓದಬೇಕು, ಮುಂದೆ ಏನಾಗಬೇಕು ಎಂದು ಕೇಳಿದರು. ಎರಡು ಅವಧಿ ಮಹಿಳೆಯರಿಗೆ ಮೀಸಲಾದ ಊರುಗಳಲ್ಲಿ ಗಂಡು–ಹೆಣ್ಣು ಮಕ್ಕಳ ಬಗೆಗಿನ ಆಸೆಯ ಅಂತರ ಹೆತ್ತವರಲ್ಲಿ ಶೇ 25ರಷ್ಟು, ಮಕ್ಕಳಲ್ಲಿ ಶೇ 32ರಷ್ಟು ಕುಗ್ಗಿತ್ತು. ಓದಿನ ಅಂತರ ಅಳಿಸಿಹೋಗಿತ್ತು. ಶಾಲೆ ಹೆಚ್ಚಾಗಿದ್ದಕ್ಕೆ ಹೀಗಾದದ್ದಲ್ಲ. ಪಂಚಾಯಿತಿ ಕಟ್ಟಡದಲ್ಲಿ ಒಬ್ಬ ಹೆಂಗಸು ಮೇಜಿನ ಹಿಂದೆ ಕುಳಿತು ಸಹಿ ಹಾಕುವುದನ್ನು ಹುಡುಗಿಯರೂ ಅವರ ಅಪ್ಪಂದಿರೂ ನೋಡಿದ್ದರು.

ಇಲ್ಲೇ ನಮ್ಮ ವ್ಯವಸ್ಥೆಯ ದೊಡ್ಡ ಕೊರತೆ ಇದೆ ಎಂದು ನನಗೆ ಅನಿಸುತ್ತದೆ. ಸಂಶೋಧಕರಿಗೆ ವರವಾದ ಸರದಿ ಮೀಸಲಾತಿ, ಪ್ರತಿನಿಧಿಗೆ ಮುಳುವಾಗುತ್ತದೆ. ನಮ್ಮಲ್ಲಿ 2020ರ ಡಿಸೆಂಬರ್‌ನ ಚುನಾವಣೆಯ ನಂತರ ಅಧ್ಯಕ್ಷರಿಗೆ ಸಿಕ್ಕದ್ದು ಎರಡೂವರೆ ವರ್ಷ. ಕ್ರಿಯಾಯೋಜನೆ ಹೇಗೆ ಮಾಡುತ್ತಾರೆ, ಹಣಕಾಸು ಆಯೋಗದ ಅನುದಾನ ಯಾವ ಖಾತೆಗೆ ಬರುತ್ತದೆ, ನರೇಗಾ ಬಿಲ್ಲಿಗೆ ಎಂಜಿನಿಯರ್ ಎಲ್ಲಿ ಸಹಿ ಹಾಕಬೇಕು ಎಂಬುದು ಕೈಗೆ ಹತ್ತುವಷ್ಟರಲ್ಲಿ ಅವಧಿ ಮುಗಿಯುತ್ತದೆ. ಮುಂದಿನ ಚುನಾವಣೆಗೆ ವಾರ್ಡಿನ ಮೀಸಲಾತಿಯೂ ಬದಲು. ‘ಈ ಸಲ ಸೀಟು ಜನರಲ್ ಆಗಿದೆಯಲ್ಲಕ್ಕ, ಗಂಡಸರಿಗೆ ಬಿಡಿ’ ಎಂದು ಊರಿನ ಹಿರಿಯರು ಹೇಳುತ್ತಾರೆ. ಸಾಮಾನ್ಯ ಸ್ಥಾನ ಎಂದರೆ ಗಂಡಸರಿಗೆ ಮೀಸಲು ಎಂದು ಯಾವ ಕಾನೂನೂ ಹೇಳಿಲ್ಲ. ಆದರೆ ಅನುಭವಿ ಸದಸ್ಯೆಯೊಬ್ಬಳು ಮನೆಗೆ ಮರಳುವುದು ಆ ಮಾತಿಗೇ. ಅವಳ ಜೊತೆ ಊರಿನ ಎರಡೂವರೆ ವರ್ಷದ ಕಲಿಕೆಯೂ ಹೋಯಿತು.

ಹಾಗೇ ಆಗಬೇಕೆಂದೇನೂ ಇಲ್ಲ ಎಂಬುದಕ್ಕೆ ಮುಂಬೈ ಮಹಾನಗರ ಪಾಲಿಕೆ ಸಾಕ್ಷಿ. 1997ರಲ್ಲಿ ಮಹಿಳೆಯರಿಗೆ ಮೀಸಲಾಗಿ 2002ರಲ್ಲಿ ಎಲ್ಲರಿಗೂ ತೆರೆದುಕೊಂಡ ವಾರ್ಡುಗಳನ್ನು ರಿಖಿಲ್ ಭಾವನಾನಿ 2009ರಲ್ಲಿ ಪರಿಶೀಲಿಸಿದರು. 1997ರಲ್ಲಿ ಮೀಸಲಾಗಿರದ ವಾರ್ಡುಗಳಿಗೆ ಹೋಲಿಸಿದರೆ, ಅಲ್ಲಿ ಮಹಿಳೆ ಗೆಲ್ಲುವ ಸಾಧ್ಯತೆ ಸುಮಾರು ಐದು ಪಟ್ಟು ಇತ್ತು. ಗೆದ್ದು ಅನುಭವ ಪಡೆದ ಮಹಿಳೆಯರು ಮತ್ತೆ ನಿಂತಿದ್ದರು, ಮಹಿಳೆಯೂ ಗೆಲ್ಲುತ್ತಾಳೆ ಎಂದು ಪಕ್ಷಗಳಿಗೂ ಗೊತ್ತಾಗಿ ಟಿಕೆಟ್ ಕೊಟ್ಟಿದ್ದವು. ಪಾಲಿಕೆಯ ಚುನಾವಣೆ ಪಕ್ಷದ ಚಿಹ್ನೆಯ ಮೇಲೆ ನಡೆಯುತ್ತದೆ, ಐದು ವರ್ಷ ಅವಧಿ ಇರುತ್ತದೆ ಎಂಬುದನ್ನು ಮರೆಯಬಾರದು.

ಮಾತಿನ ವಿಷಯಕ್ಕೆ ಬರುತ್ತೇನೆ. ಪರೋಮಿತಾ ಸನ್ಯಾಲ್ ಮತ್ತು ವಿಜಯೇಂದ್ರ ರಾವ್ ದಕ್ಷಿಣದ ರಾಜ್ಯಗಳ ಸುಮಾರು 300 ಗ್ರಾಮಸಭೆಗಳಲ್ಲಿ ಯಾರು ಏನು ಹೇಳಿದರು ಎಂಬುದನ್ನು ಹಾಗೆ ಹಾಗೇ ಬರೆಸಿಕೊಂಡು 2018ರಲ್ಲಿ ಒಂದು ಪುಸ್ತಕ ತಂದರು. ಕರ್ನಾಟಕದ ಬೀದರ್ ಮತ್ತು ಪಕ್ಕದ ಮೇದಕ್, ದಕ್ಷಿಣ ಕನ್ನಡ ಮತ್ತು ಪಕ್ಕದ ಕಾಸರಗೋಡು, ಹೀಗೆ ಗಡಿಯ ಎರಡೂ ಬದಿಯ ಊರುಗಳನ್ನು ಜೋಡಿಸಿ ನೋಡುವುದು ಅವರ ಕ್ರಮ. 1956ರವರೆಗೆ ಒಂದೇ ಆಡಳಿತದಲ್ಲಿದ್ದ ನೆಲ, ಬಾಳುವೆಯ ರೀತಿ ಒಂದೇ, ಕಾಸರಗೋಡಿನಲ್ಲಿ ಕನ್ನಡ ಮನೆಮಾತಿನವರೂ ಇದ್ದಾರೆ. ವ್ಯತ್ಯಾಸವಿದ್ದರೆ ಅದು ಎರಡು ರಾಜ್ಯಗಳು ಗ್ರಾಮಸಭೆಯನ್ನು ನಡೆಸಿಕೊಂಡ ರೀತಿಯಿಂದ. ಕೇರಳ 1996ರಿಂದ ಜನಕೀಯ ಯೋಜನೆಯ ಹೆಸರಿನಲ್ಲಿ ಗ್ರಾಮಸಭೆಗೆ ಹಣವನ್ನೂ ಕೆಲಸವನ್ನೂ ಕೊಟ್ಟಿತ್ತು. ಸರ್ಕಾರ ಗ್ರಾಮಸಭೆಯನ್ನು ಎಷ್ಟು ಗಂಭೀರವಾಗಿ ನಡೆಸುತ್ತದೋ ಜನರ ಮಾತು ಅಷ್ಟು ಗಟ್ಟಿಯಾಗುತ್ತದೆ ಎಂಬುದು ಅವರು ಮುಟ್ಟಿದ ನಿಲುವು.

ಗ್ರಾಮಸಭೆ ಹೇಗಿರುತ್ತದೆ ಎಂಬುದು ಹಳ್ಳಿಯಲ್ಲಿ ಬೆಳೆದವರಿಗೆ ಗೊತ್ತು. ಶಾಲೆಯ ಅಂಗಳಕ್ಕೆ ಶಾಮಿಯಾನ, ಅಧಿಕಾರಿಗಳಿಗೆ ಪ್ಲಾಸ್ಟಿಕ್ ಕುರ್ಚಿ, ಮುಂದೆ ಜಮಖಾನದ ಮೇಲೆ ಹೆಂಗಸರು, ಹಿಂದೆ ಮರದ ನೆರಳಲ್ಲಿ ನಿಂತ ಗಂಡಸರು. ಮೈಕು ಹಿಡಿದವರೇ ಹಿಡಿದಿರುತ್ತಾರೆ. ಹೆಂಗಸೊಬ್ಬಳು ಎದ್ದು ‘ನಮ್ಮ ಕೇರಿಗೆ ನೀರು ಬರದೆ ತಿಂಗಳಾಯ್ತು ಸಾರ್’ ಎಂದರೆ ‘ಆಯ್ತಮ್ಮ, ನೋಡೋಣ, ಕೂತ್ಕೊ’ ಎನ್ನುವ ಉತ್ತರ. ತಮಿಳುನಾಡಿನ ಗ್ರಾಮಸಭೆಗಳ ಇಂಥ ಮಾತುಗಳನ್ನೆಲ್ಲ ಕಂಪ್ಯೂಟರಿಗೆ ಊಡಿಸಿ ಯಾರು ಎತ್ತಿದ ವಿಷಯಕ್ಕೆ ಅಧಿಕಾರಿಗಳು ಸಂಬಂಧಪಟ್ಟ ಉತ್ತರ ಕೊಟ್ಟರು ಎಂದು ರಮ್ಯಾ ಪಾರ್ಥಸಾರಥಿ, ವಿಜಯೇಂದ್ರ ರಾವ್, ನೇತ್ರಾ ಪಳನಿಸ್ವಾಮಿ 2019ರಲ್ಲಿ ಲೆಕ್ಕ ಹಾಕಿದರು. ಹೆಂಗಸರು ಮಾತನಾಡುವುದು ಕಡಿಮೆ, ಅವರು ಎತ್ತಿದ ವಿಷಯ ಚರ್ಚೆಯಾಗಿ ಮುಂದುವರಿಯುವುದು ಕಡಿಮೆ, ಕೇಳಿದ್ದಕ್ಕೆ ತಕ್ಕ ಉತ್ತರ ಸಿಗುವುದು ಇನ್ನೂ ಕಡಿಮೆ. ಅಧ್ಯಕ್ಷ ಸ್ಥಾನ ಮಹಿಳೆಗೆ ಮೀಸಲಾಗಿದ್ದ ಕಡೆ ಹೆಂಗಸರ ಮಾತಿಗೆ ಉತ್ತರ ಸಿಗುವುದು ಹೆಚ್ಚಾಗಿತ್ತು. ಕುರ್ಚಿ ತಕ್ಷಣ ಮಾಡಬಲ್ಲ ಕೆಲಸಗಳಲ್ಲಿ ಇದೊಂದು.

ಈಚಿನ ಸಂಶೋಧನೆ ಕುರ್ಚಿಯಿಂದ ಇನ್ನೂ ಕೆಳಗಿಳಿದು, ಹೆಂಗಸರು ರಾಜಕೀಯಕ್ಕೆ ಬರುವ ದಾರಿಯನ್ನು ನೋಡುತ್ತಿದೆ. ಸೊಲೆಡಾಡ್ ಪ್ರಿಲ್ಲಮನ್ ಮಧ್ಯಪ್ರದೇಶದಲ್ಲಿ ಮಾಡಿದ ಅಧ್ಯಯನ 2023ರಲ್ಲಿ ಪುಸ್ತಕವಾಯಿತು. ಮನೆಯ ಯಜಮಾನನ ಮೂಲಕವೇ ರಾಜಕೀಯ ಮಾಡಬೇಕಿದ್ದ ಹೆಂಗಸರು ಸ್ವಸಹಾಯ ಸಂಘಗಳಲ್ಲಿ ಒಟ್ಟಾದಾಗ ಆ ಕಟ್ಟು ಹೇಗೆ ಸಡಿಲಾಗುತ್ತದೆ ಎಂಬುದು ಅದರ ಹುರುಳು. ಹಾಗೆ ಎದ್ದು ನಿಂತಾಗ ಗಂಡಸರಿಂದ ಬರುವ ಪ್ರತಿರೋಧವನ್ನೂ ಅವರು ದಾಖಲಿಸಿದ್ದಾರೆ. ನಮ್ಮ ಸ್ತ್ರೀಶಕ್ತಿ ಸಂಘಗಳ ವಾರದ ಸಭೆಗಳಲ್ಲಿ ಸಾಲದ ಲೆಕ್ಕದ ನಡುವೆ ನಡೆಯುವ ಮಾತುಗಳನ್ನು ಕೇಳಿದವರಿಗೆ ಇದು ಹೊಸದೆನಿಸದು. ದೆಹಲಿಯ ವಾರ್ಡುಗಳಲ್ಲಿ ತನುಶ್ರೀ ಗೋಯಲ್ ಕಂಡದ್ದು ಇದರ ಮುಂದಿನ ಹೆಜ್ಜೆ: ಮಹಿಳಾ ಪ್ರತಿನಿಧಿಗಳು ಪಕ್ಷದ ತಳಮಟ್ಟದ ಕೆಲಸಕ್ಕೆ ಮಹಿಳೆಯರನ್ನೇ ಸೇರಿಸಿಕೊಳ್ಳುತ್ತಾರೆ, ಅವರ ಮೂಲಕ ಇನ್ನಷ್ಟು ಮಹಿಳೆಯರು ರಾಜಕೀಯಕ್ಕೆ ಹತ್ತಿರವಾಗುತ್ತಾರೆ. ಅದೇ ದೆಹಲಿಯಿಂದ ಎಚ್ಚರಿಕೆಯ ಸುದ್ದಿಯೂ ಇದೆ. ವರುಣ್ ಕಾರೇಕುರ್ವೆ ರಾಮಚಂದ್ರ ಮತ್ತು ಅಲೆಕ್ಸಾಂಡರ್ ಲೀ ತೋರಿಸಿರುವಂತೆ, ಮಹಿಳೆಯರಿಗೆ ಮೀಸಲಾದ ವಾರ್ಡುಗಳಲ್ಲಿ ಮೇಲ್ಜಾತಿಯವರು ಗೆಲ್ಲುವುದು ಹೆಚ್ಚಾಗಿ ಹಿಂದುಳಿದ ವರ್ಗದವರ ಪಾಲು ತಗ್ಗಿತ್ತು. ನಮ್ಮ ಪಂಚಾಯಿತಿಗಳ ಮೀಸಲಾತಿ ಪಟ್ಟಿಯಲ್ಲಿ ಹಿಂದುಳಿದ ವರ್ಗ ‘ಅ’ ಮಹಿಳೆ, ‘ಬ’ ಮಹಿಳೆ ಎಂಬ ಸಾಲುಗಳಿವೆ. ಸಂಸತ್ತಿನ ಮೀಸಲಾತಿಯಲ್ಲಿ ಅಂಥ ಸಾಲು ಇಲ್ಲ. ಒಳಮೀಸಲಾತಿ ಕೇಳುವವರ ಕೂಗಿಗೆ ಆಧಾರವಿದೆ ಎಂದೇ ಈ ಅಧ್ಯಯನ ಓದಿದ ಮೇಲೆ ನನ್ನ ಅಭಿಪ್ರಾಯ.

2023ರ ಸೆಪ್ಟೆಂಬರ್‌ನಲ್ಲಿ ಸಂಸತ್ತು ಒಪ್ಪಿದ 106ನೇ ತಿದ್ದುಪಡಿ ಪಂಚಾಯಿತಿಗಳ ಅನುಭವದಿಂದ ಒಂದು ವಿಷಯವನ್ನು ಕಲಿತಂತಿದೆ. ಅದರಲ್ಲಿ ಮಹಿಳಾ ಕ್ಷೇತ್ರಗಳು ಪ್ರತಿ ಚುನಾವಣೆಗೂ ಬದಲಾಗುವುದಿಲ್ಲ, ಒಂದು ಕ್ಷೇತ್ರ ಮರುವಿಂಗಡಣೆಯಿಂದ ಇನ್ನೊಂದರವರೆಗೆ ಹಾಗೇ ಇರುತ್ತವೆ. ಎರಡನೇ ಅವಧಿ ಸಿಗುವ ಅವಕಾಶ ಅಲ್ಲಿದೆ. ಮೀಸಲಾತಿ ಜಾರಿಯಾಗುವುದು ಜನಗಣತಿ ಮತ್ತು ಮರುವಿಂಗಡಣೆಯ ನಂತರ ಎಂಬ ಷರತ್ತನ್ನೂ ಅದೇ ತಿದ್ದುಪಡಿ ಹಾಕಿಕೊಂಡಿದೆ. 2023ರ ವಿಧಾನಸಭಾ ಚುನಾವಣೆಯಲ್ಲಿ ಕರ್ನಾಟಕದ 224 ಕ್ಷೇತ್ರಗಳಿಂದ ಗೆದ್ದ ಮಹಿಳೆಯರು 10 ಮಂದಿ. ಈಗಿನ ಸಂಖ್ಯೆಯ ಲೆಕ್ಕದಲ್ಲಿ ಮೂರನೇ ಒಂದು ಪಾಲು ಎಂದರೆ 75 ಮಂದಿ.

ಅಷ್ಟು ಮಂದಿಯನ್ನು ಪಕ್ಷಗಳು ಎಲ್ಲಿಂದ ತರುತ್ತವೆ? ಮುಖಂಡರ ಹೆಂಡತಿ, ಮಗಳು, ಸೊಸೆಯರಿಗೆ ಬಿ ಫಾರಂ ಕೊಡುವುದು ಅವುಗಳಿಗೆ ಸುಲಭದ ದಾರಿ. ಆದರೆ ರಾಜ್ಯದ ಹಳ್ಳಿಗಳಲ್ಲಿ 1987ರಿಂದ ಈಚೆಗೆ ಪಂಚಾಯಿತಿ ನಡೆಸಿ ಬಂದ ಲಕ್ಷಾಂತರ ಹೆಣ್ಣುಮಕ್ಕಳಿದ್ದಾರೆ. ಗ್ರಾಮ ಪಂಚಾಯಿತಿಯಿಂದ ವಿಧಾನಸಭೆಗೆ ಒಂದೇ ಜಿಗಿತದಲ್ಲಿ ಹೋಗುವವರು ತೀರಾ ಅಪರೂಪ. ಏಣಿಯ ನಡುವಿನ ಮೆಟ್ಟಿಲುಗಳು ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿಗಳು. ಪಕ್ಷದ ಚಿಹ್ನೆಯ ಮೇಲೆ ಚುನಾವಣೆ ನಡೆಯುವ, ಮಹಿಳೆಯರಿಗೆ ಅರ್ಧ ಸ್ಥಾನ ಇರುವ, ಇಡೀ ಜಿಲ್ಲೆಯ ಇಲಾಖೆಗಳ ಕೆಲಸ ಕಲಿಸುವ ಜಾಗ ಅದು. ಅವುಗಳಿಗೆ 2016ರಲ್ಲಿ ಚುನಾವಣೆ ನಡೆದಿತ್ತು. 2021ರಲ್ಲಿ ಅವಧಿ ಮುಗಿದ ಮೇಲೆ ಕ್ಷೇತ್ರ ಮರುವಿಂಗಡಣೆ, ಮೀಸಲಾತಿ ಪಟ್ಟಿ, ನ್ಯಾಯಾಲಯದ ದಾವೆಗಳ ನಡುವೆ ವರ್ಷಗಟ್ಟಲೆ ಚುನಾವಣೆಯೇ ಇಲ್ಲದೆ ಆಡಳಿತಾಧಿಕಾರಿಗಳು ಜಿಲ್ಲೆಗಳನ್ನು ನಡೆಸಿದರು. ವಿಧಾನಸಭೆಯ 75 ಸ್ಥಾನಗಳಿಗೆ ತಯಾರಾಗಬೇಕಿದ್ದ ಮಹಿಳೆಯರ ಒಂದು ಇಡೀ ಅವಧಿಯ ಅನುಭವ ಅಲ್ಲಿ ಖಾಲಿ ಬಿದ್ದಿತು. ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಚುನಾವಣೆಯನ್ನು ಐದು ವರ್ಷಕ್ಕೊಮ್ಮೆ ತಪ್ಪದೆ ನಡೆಸುವುದಕ್ಕೆ ಹೊಸ ತಿದ್ದುಪಡಿ ಬೇಕಿಲ್ಲ, ಸಂವಿಧಾನದ 243ಇ ವಿಧಿ ಅದನ್ನು 1993ರಿಂದಲೂ ಹೇಳುತ್ತಿದೆ.